ನೋಟ್‌ಬುಕ್ಕಿನ ಕೊನೆಯ ಹೆಸರು

ಆ ವರ್ಷ ವಿಜಯದಶಮಿಯ ಮರುದಿನ ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿದಾಗ ಕಂಪ್ಯೂಟರುಗಳಿಗೆ ಹಾಕಿದ್ದ ಸೇವಂತಿಗೆ ಹಾರಗಳು ಬಾಡಿಹೋಗಿದ್ದವು. ಮಾನಿಟರುಗಳ ನೆತ್ತಿಯ ಮೇಲೆ ಕುಂಕುಮ ಒಣಗಿತ್ತು. ಕುವೆಂಪುನಗರದಲ್ಲಿ ನಾನು ಬ್ರೌಸಿಂಗ್ ಸೆಂಟರ್ ನಡೆಸುತ್ತಿದ್ದ ದಿನಗಳವು. ಪ್ಲೈವುಡ್ ಅಡ್ಡಗೋಡೆಗಳ ನಡುವೆ ಆರು ಕಂಪ್ಯೂಟರ್, ಬಾಗಿಲ ಪಕ್ಕ ನನ್ನ ಮೇಜು, ಮೇಜಿನ ಮೇಲೆ ಸ್ಕ್ಯಾನರ್ ಮತ್ತು ಟೆಲಿಫೋನ್. ನಮ್ಮ ರಸ್ತೆಗೆ ಬ್ರಾಡ್‌ಬ್ಯಾಂಡ್ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಮೇಜಿನ ಮೇಲೆ ಇನ್ನೊಂದು ವಸ್ತುವೂ ಇರುತ್ತಿತ್ತು. ಕೆಂಪು ರಟ್ಟಿನ ಒಂದು ಉದ್ದ ನೋಟ್‌ಬುಕ್. ನನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನಕ್ಕೆ ಇಮೇಲ್ ಬೇಕಿತ್ತು, ಆದರೆ ಕೀಬೋರ್ಡ್ ಮುಟ್ಟಲು ಭಯ. ಅವರಿಗೆಲ್ಲ ನಾನೇ ವಿಳಾಸ ಮಾಡಿಕೊಡುತ್ತಿದ್ದೆ, ನಾನೇ ಪಾಸ್‌ವರ್ಡ್ ಇಡುತ್ತಿದ್ದೆ, ಹೆಸರು, ವಿಳಾಸ, ಪಾಸ್‌ವರ್ಡ್ ಮೂರನ್ನೂ ನೋಟ್‌ಬುಕ್ಕಿನಲ್ಲಿ ಗುಂಡಗೆ ಬರೆದುಕೊಳ್ಳುತ್ತಿದ್ದೆ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗುತ್ತಾರಲ್ಲ, ಹಾಗೆ ಜನ ನನ್ನ ಹತ್ತಿರ ಪಾಸ್‌ವರ್ಡ್ ಬಿಟ್ಟು ಹೋಗುತ್ತಿದ್ದರು. "ನಿಮ್ಮತ್ರಾನೇ ಇರ್ಲಿ ಕಣಮ್ಮ, ನಮ್ಗೆ ಮರ್ತೋಗುತ್ತೆ" ಅನ್ನುತ್ತಿದ್ದರು. ನನಗೂ ಅದು ಹಿತವಾಗಿತ್ತು. ನನ್ನ ಅಕ್ಷರದ ಬಗ್ಗೆ, ನನ್ನ ಅಚ್ಚುಕಟ್ಟಿನ ಬಗ್ಗೆ, ಜನ ನನ್ನ ಮೇಲೆ ಇಟ್ಟಿದ್ದ ನಂಬಿಕೆಯ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಜಂಬವಿತ್ತು.

ಆಯುಧಪೂಜೆಯ ದಿನ ಆ ನೋಟ್‌ಬುಕ್ಕನ್ನೂ ಪೂಜೆಗೆ ಇಟ್ಟಿದ್ದೆ. ಪೂಜೆಗಿಟ್ಟ ಸಾಮಾನನ್ನು ವಿಜಯದಶಮಿ ಕಳೆಯುವ ತನಕ ಮುಟ್ಟಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಎರಡು ದಿನ ಒಂದು ಕಂಪ್ಯೂಟರನ್ನೂ ಆನ್ ಮಾಡಿರಲಿಲ್ಲ, ಯಾರ ಇಮೇಲನ್ನೂ ನೋಡಿರಲಿಲ್ಲ.

ಹಾರ ತೆಗೆದು, ಕಸ ಗುಡಿಸಿ, ನನ್ನ ಮೇಲ್ ತೆರೆದೆ. ನಾವೆಲ್ಲ ಬಳಸುತ್ತಿದ್ದ ಉಚಿತ ಮೇಲ್ ಕಂಪನಿಯ ಹೆಸರಿನಲ್ಲಿ ಒಂದು ಪತ್ರ ಬಂದು ಕೂತಿತ್ತು. ಮೇಲೆ ಕಂಪನಿಯದೇ ಚಿಹ್ನೆ, ಕಂಪನಿಯದೇ ಬಣ್ಣ. ಇಂಗ್ಲಿಷಿನಲ್ಲಿದ್ದ ಅದರ ಸಾರಾಂಶ ಇಷ್ಟು: ನಿಮ್ಮ ಮೇಲ್ ಪೆಟ್ಟಿಗೆ ತುಂಬಿಹೋಗಿದೆ, ಹೊಸ ವ್ಯವಸ್ಥೆಗೆ ಬದಲಾಯಿಸುತ್ತಿದ್ದೇವೆ, ಎಪ್ಪತ್ತೆರಡು ಗಂಟೆಯೊಳಗೆ ಕೆಳಗಿನ ಲಿಂಕ್ ಒತ್ತಿ ವಿಳಾಸವನ್ನೂ ಪಾಸ್‌ವರ್ಡನ್ನೂ ದೃಢಪಡಿಸದಿದ್ದರೆ ಪೆಟ್ಟಿಗೆ ಮುಚ್ಚುತ್ತದೆ, ಒಳಗಿರುವ ಪತ್ರಗಳೆಲ್ಲ ಅಳಿಸಿಹೋಗುತ್ತವೆ. ಪತ್ರ ಬಂದ ಹೊತ್ತು ನೋಡಿದೆ. ಹಬ್ಬದಲ್ಲಿ ಎರಡು ದಿನ ಹೋಗಿಯೇಬಿಟ್ಟಿತ್ತು. ಅಂದು, ಗುರುವಾರ, ಸಂಜೆ ಆರಕ್ಕೆ ಗಡುವು ಮುಗಿಯುವುದಿತ್ತು.

ನೋಟ್‌ಬುಕ್ಕಿನಿಂದ ಇನ್ನಿಬ್ಬರ ಪೆಟ್ಟಿಗೆ ತೆರೆದು ನೋಡಿದೆ. ಅಲ್ಲೂ ಅದೇ ಪತ್ರ. ಎಪ್ಪತ್ತಕ್ಕೆ ಹತ್ತಿರ ಜನರ ಪತ್ರಗಳು ನನ್ನ ಭರವಸೆಯ ಮೇಲೆ ಕೂತಿವೆ, ನಾನು ಮಾತ್ರ ಎರಡು ದಿನ ಹೋಳಿಗೆ ತಿಂದು ಮಲಗಿದ್ದೇನೆ! ಯಾರಿಗೆ ಫೋನ್ ಮಾಡಿ ಕೇಳುವುದು? ಅಷ್ಟು ಹೊತ್ತಿದೆಯೇ? ಎಲ್ಲರದ್ದನ್ನೂ ನಾನೇ ಮಾಡಿಬಿಡುವುದು ಎಂದು ತೀರ್ಮಾನಿಸಿದೆ. ಈಗ ನೆನೆದರೆ ಮೈ ಉರಿಯುತ್ತದೆ, ಆದರೆ ಆ ಹೊತ್ತಿನಲ್ಲಿ ಅದು ನನ್ನ ಕರ್ತವ್ಯ ಅನಿಸಿತ್ತು.

ಮೊದಲು ನನ್ನದರಲ್ಲೇ ಮಾಡಿ ನೋಡಿದೆ. ಲಿಂಕ್ ಒತ್ತಿದರೆ ಕಂಪನಿಯ ಪುಟ ತೆರೆಯಿತು. ವಿಳಾಸ, ಪಾಸ್‌ವರ್ಡ್ ಹಾಕಿದೆ. ಧನ್ಯವಾದ ಹೇಳಿ, ತಾನಾಗಿಯೇ ಕಂಪನಿಯ ಮುಖಪುಟಕ್ಕೆ ಹೋಯಿತು. ಸರಿಯಿದೆ ಅಂದುಕೊಂಡೆ. ಆಮೇಲೆ ಪುಸ್ತಕದ ಮೊದಲ ಹೆಸರಿನಿಂದ ಶುರು ಮಾಡಬೇಕಿತ್ತು. ಆದರೆ ನಾನು ಹಾಳೆಗಳನ್ನು ಒಟ್ಟಿಗೆ ತಿರುವಿ ಕೊನೆಯ ಹೆಸರಿಗೆ ಹೋದೆ. ಯಾರದ್ದು ಹೋದರೂ ಆ ಒಂದು ಪೆಟ್ಟಿಗೆ ಮಾತ್ರ ಹೋಗಬಾರದಿತ್ತು.

ಅದು ಹಿನಕಲ್‌ನಿಂದ ಬರುತ್ತಿದ್ದ ಒಬ್ಬ ಹೆಂಗಸಿನದು. ಹೂಟಗಳ್ಳಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವರಿಗೆ ಕೆಲಸ, ಗಂಡನದು ಗಾರೆ ಕೆಲಸ. ಆರು ವರ್ಷದ ಒಬ್ಬಳೇ ಮಗಳು. ಆ ಮಗುವಿಗೆ ಹುಟ್ಟಿನಿಂದ ಹೃದಯದಲ್ಲಿ ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಕಿರಿದು. ನಾಲ್ಕು ಹೆಜ್ಜೆ ಬಿರುಸಾಗಿ ನಡೆದರೆ ತುಟಿ ನೀಲಿಯಾಗುತ್ತಿತ್ತು. ಆಗ ಇದ್ದಲ್ಲೇ ಕುಕ್ಕರಗಾಲಲ್ಲಿ ಕೂತು ಉಸಿರು ಹಿಂದಕ್ಕೆ ಬರುವ ತನಕ ಕಾಯುತ್ತಿತ್ತು. ನನ್ನ ಅಂಗಡಿಯ ಮೂರು ಮೆಟ್ಟಿಲನ್ನು ಎರಡು ಸಲ ಕೂತು ಹತ್ತುತ್ತಿದ್ದ ಮಗು ಅದು. ಇಲ್ಲಿನ ಮಕ್ಕಳ ಡಾಕ್ಟರೊಬ್ಬರು ದೂರದ ಊರಿನ ಧರ್ಮಾಸ್ಪತ್ರೆಯೊಂದಕ್ಕೆ ಬರೆಯಲು ಹೇಳಿದ್ದರು. ರಿಪೋರ್ಟುಗಳನ್ನು ಸ್ಕ್ಯಾನ್ ಮಾಡಿ, ಆಕೆಯ ಹೆಸರಿನಲ್ಲಿ ವಿಳಾಸ ತೆರೆದು ಕಳಿಸಿದವಳು ನಾನೇ. ಆಸ್ಪತ್ರೆಯವರು ನೋಂದಣಿ ಸಂಖ್ಯೆ ಕೊಟ್ಟು ಉತ್ತರ ಬರೆದಿದ್ದರು: ಆಪರೇಷನ್ನಿನ ತಾರೀಖು ಮೇಲ್‌ನಲ್ಲೇ ಬರುತ್ತದೆ, ಏಳು ದಿನದೊಳಗೆ ಒಪ್ಪಿಗೆ ತಿಳಿಸದಿದ್ದರೆ ಅದು ಸಾಲಿನಲ್ಲಿರುವ ಮುಂದಿನ ಮಗುವಿಗೆ ಹೋಗುತ್ತದೆ.

ಆ ಉತ್ತರ ಬಂದ ದಿನ ಆಕೆ, "ಒಂದ್ ಕಾಪಿ ತೆಕ್ಕೊಡಕ್ಕ, ದೇವ್ರ ಪಟದಿಂದೆ ಇಟ್ಕೊತೀನಿ" ಎಂದು ಕೇಳಿದ್ದರು.

"ಕಾಗದ ಕಳ್ದುಹೋಗುತ್ತೆ, ನೆನೆಯುತ್ತೆ. ಮೇಲ್ ಎಲ್ಲಿಗೂ ಹೋಗಲ್ಲ ಬಿಡಿ" ಅಂದಿದ್ದೆ ನಾನು, ದೊಡ್ಡ ತಿಳಿದವಳ ಹಾಗೆ.

ಹೀಗೆ ಆಕೆಯ ಪೆಟ್ಟಿಗೆಯನ್ನು ಎಲ್ಲರಿಗಿಂತ ಮೊದಲು ಉಳಿಸಿದೆ. ಆಮೇಲೆ ನೋಟ್‌ಬುಕ್ಕಿನ ಮೊದಲ ಪುಟದಿಂದ ಒಂದೊಂದೇ. ಒಬ್ಬರ ಪೆಟ್ಟಿಗೆ ತೆರೆ, ಪತ್ರ ಹುಡುಕು, ಲಿಂಕ್ ಒತ್ತು, ವಿಳಾಸ ಹೊಡೆ, ಪಾಸ್‌ವರ್ಡ್ ಹೊಡೆ, ಧನ್ಯವಾದ ಬಂದ ಮೇಲೆ ನೋಟ್‌ಬುಕ್ಕಿನಲ್ಲಿ ಸೀಸದಕಡ್ಡಿಯಿಂದ ಸರಿ ಗುರುತು ಹಾಕು. ಮಧ್ಯಾಹ್ನದ ಊಟ ಬಿಟ್ಟೆ. ಗಿರಾಕಿಗಳು ಬಂದರೆ ಅವರವರೇ ಕೂತುಕೊಳ್ಳಲಿ ಎಂದೆ. ನಿವೃತ್ತ ಮೇಷ್ಟ್ರೊಬ್ಬರು ಬಂದು ನಾನು ಮಾಡುತ್ತಿದ್ದುದನ್ನು ಕನ್ನಡಕ ಏರಿಸಿ ನೋಡಿ, "ಎಷ್ಟು ಜವಾಬ್ದಾರಿ ಕಣಮ್ಮ ನಿಂದು! ನಮ್ಮ ಸ್ಕೂಲಲ್ಲಿ ನಿನ್ನಂಥ ಒಬ್ಬ ಕ್ಲರ್ಕ್ ಇದ್ದಿದ್ರೆ ನಂಗೆ ಬಿಪಿನೇ ಬರ್ತಿರ್ಲಿಲ್ಲ" ಎಂದು ಹೊಗಳಿ ಹೋದರು.

ನಾಲ್ಕೂವರೆಗೆ ಕರೆಂಟು ಹೋಯಿತು. ಯುಪಿಎಸ್ ಹತ್ತು ನಿಮಿಷ ಕಿರುಚಿ ಸುಮ್ಮನಾಯಿತು. ಕೊನೆಯಲ್ಲಿ ಹನ್ನೆರಡು ಹೆಸರು ಉಳಿದಿದ್ದವು. ಕರೆಂಟು ಮತ್ತೆ ಬಂದಾಗ ಆರೂವರೆ, ಲಿಂಕ್ ಒತ್ತಿದರೆ ಪುಟ ತೆರೆಯಲಿಲ್ಲ. ಗಡುವು ಮುಗಿಯಿತು, ಹನ್ನೆರಡು ಜನರ ಪೆಟ್ಟಿಗೆ ನನ್ನಿಂದ ಹಾಳಾಯಿತು ಎಂದು ವಿದ್ಯುತ್ ಮಂಡಳಿಯವರನ್ನು ಬಾಯಿಗೆ ಬಂದಂತೆ ಬೈದೆ. ಮಾರನೆಯ ದಿನ ಆ ಹನ್ನೆರಡೂ ಏನೂ ಆಗದೆ ತೆರೆದುಕೊಂಡಾಗ, ಕಂಪನಿಯವರು ದೊಡ್ಡ ಮನಸ್ಸಿನವರು, ಒಂದೆರಡು ದಿನ ಹೆಚ್ಚು ಕೊಟ್ಟಿರಬೇಕು ಅಂದುಕೊಂಡೆ.

ಶನಿವಾರ ಬೆಳಿಗ್ಗೆ ಮೇಷ್ಟ್ರು ಬಂದರು. ಈ ಸಲ ಹೊಗಳಿಕೆ ಇರಲಿಲ್ಲ, ಮುಖ ಕೆಂಪಾಗಿತ್ತು. ಅವರು ಒಂದು ಮಠದ ವಿದ್ಯಾರ್ಥಿನಿಲಯದ ಸಮಿತಿಯಲ್ಲಿದ್ದವರು. ಬೆಳಿಗ್ಗೆ ಏಳಕ್ಕೇ ಮಠದ ಕಚೇರಿಯಿಂದ ಫೋನ್ ಬಂದಿತ್ತಂತೆ.

"ನನ್ನ ಹೆಸರಲ್ಲಿ ಅವ್ರಿಗೆ ಏನು ಹೋಗಿದೆ ಗೊತ್ತೇನಮ್ಮ? ಗಂಡಸರ ಗುಳಿಗೆ ಜಾಹೀರಾತು! ಚಿತ್ರ ಸಮೇತ! ನನ್ನ ಬೀಗರಿಗೆ, ನನ್ನ ಸ್ಟೂಡೆಂಟ್ಸ್‌ಗೆ, ಎಲ್ರಿಗೂ ಹೋಗಿದೆ. ಎಪ್ಪತ್ತನೇ ವಯಸ್ಸಲ್ಲಿ ನಾನು ಯಾರಿಗೆ ಅಂತ ಸಮಜಾಯಿಷಿ ಕೊಡ್ಲಿ?"

ನನಗೆ ನಗು ಬಂತು, ನಿಜ ಹೇಳುತ್ತೇನೆ. ನಗು ತಡೆದುಕೊಂಡು ಅವರ ಪೆಟ್ಟಿಗೆ ತೆರೆಯಲು ಹೋದೆ. ಪಾಸ್‌ವರ್ಡ್ ತಪ್ಪು ಎಂದು ಬಂತು. ಕ್ಯಾಪ್ಸ್ ಲಾಕ್ ನೋಡಿದೆ, ಆಫ್ ಇತ್ತು. ಮತ್ತೆ ಹೊಡೆದೆ, ತಪ್ಪು. ನನ್ನದನ್ನು ಹೊಡೆದೆ, ತಪ್ಪು. ಸರಿ ಗುರುತು ಹಾಕಿದ್ದ ಹೆಸರುಗಳನ್ನು ಒಂದೊಂದಾಗಿ ಹೊಡೆಯುತ್ತ ಹೋದೆ, ಎಲ್ಲವೂ ತಪ್ಪು. ಕರೆಂಟು ಹೋಗಿದ್ದರಿಂದ ಬಿಟ್ಟುಹೋಗಿದ್ದ ಹನ್ನೆರಡು ಮಾತ್ರ ತೆರೆದವು. ಅಷ್ಟು ಹೊತ್ತಿಗೆ ನಗು ಎಲ್ಲಿ ಹೋಯಿತೋ.

ಕೊನೆಯ ಹೆಸರನ್ನು ಹೊಡೆದೆ. ಅದೂ ತೆರೆಯಲಿಲ್ಲ. ಪುಸ್ತಕದ ಸಾಲಿನಂತೆ ಹೋಗಿದ್ದರೆ ಕರೆಂಟು ಹೋದಾಗ ಆಕೆಯದು ಹದಿಮೂರನೆಯದಾಗಿ ಉಳಿದಿರುತ್ತಿತ್ತು.

ಹೂಟಗಳ್ಳಿಯ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದವರೊಬ್ಬರು ನಮ್ಮ ಹಿಂದಿನ ರಸ್ತೆಯಲ್ಲಿದ್ದರು. ನನ್ನ ಮೋಡೆಮ್ ಕೆಟ್ಟಾಗ ಬಂದು ನೋಡುತ್ತಿದ್ದವರು. ಮಧ್ಯಾಹ್ನ ಅವರ ಮನೆಗೇ ಹೋಗಿ ಕರೆತಂದೆ. ಉಳಿದ ಹನ್ನೆರಡರಲ್ಲಿ ಒಂದನ್ನು ತೆರೆಸಿ ಆ ಪತ್ರವನ್ನು ನೋಡಿದರು, ಲಿಂಕಿನ ಮೇಲೆ ಮೌಸ್ ಇಟ್ಟು, ಒತ್ತದೆ, ಪರದೆಯ ಕೆಳಗಡೆ ಮೂಡಿದ ಸಾಲನ್ನು ತೋರಿಸಿದರು.

"ಈ ವಿಳಾಸ ಓದಿ ಮೇಡಂ."

ಮೊದಲಿಗೆ ಕಂಪನಿಯ ಹೆಸರೇ ಇತ್ತು. ಓದಿದೆ.

"ಅದು ಮೊದಲು. ಕೊನೇಲಿ ಏನಿದೆ? ಮೊದಲನೇ ಒಂಟಿ ಓರೆಗೆರೆಗೆ, ಸ್ಲ್ಯಾಶ್‌ಗೆ, ಮುಂಚೆ?"

ಕಂಪನಿಯ ಹೆಸರಾದ ಮೇಲೆ ಒಂದು ಚುಕ್ಕಿ, ಆಮೇಲೆ ಕೇಳರಿಯದ ಇನ್ನೊಂದು ಹೆಸರು. ನಾನು ಅಷ್ಟು ದೂರ ಓದಿರಲೇ ಇಲ್ಲ.

"ಲಕೋಟೆ ಮೇಲೆ ಮೊದಲನೇ ಸಾಲಲ್ಲಿ 'ಅರಮನೆ' ಅಂತ ಬರ್ದು, ಕೊನೇ ಸಾಲಲ್ಲಿ ಯಾವ್ದೋ ಊರ ಹೆಸ್ರು ಬರೆದ್ರೆ ಕಾಗ್ದ ಎಲ್ಲಿಗೆ ಹೋಗುತ್ತೆ? ಆ ಊರಿಗೆ ತಾನೆ? ಇದೂ ಅಷ್ಟೇ. ಹಿಂದಿನಿಂದ ಓದ್ಬೇಕು. ಇನ್ನೊಂದು ನೋಡಿ, ನಿಮ್ಮ ಹೆಸ್ರು ಎಲ್ಲೂ ಇಲ್ಲ, 'ಪ್ರಿಯ ಗ್ರಾಹಕರೇ' ಅಂತಿದೆ. ಪಾಸ್‌ವರ್ಡ್ ಕೇಳೋ ಪುಟಕ್ಕೆ ಬೀಗದ ಗುರುತು ಇರ್ಲಿಲ್ಲ ತಾನೆ? ಎಲ್ಲಕ್ಕಿಂತ ಮೊದ್ಲು, ಪಾಸ್‌ವರ್ಡ್ ಕಂಪನಿಯವ್ರ ಹತ್ರಾನೇ ಇರುತ್ತೆ, ಅವ್ರು ಯಾಕೆ ಮೇಲ್ ಬರೆದು ಕೇಳ್ತಾರೆ?"

ಇಷ್ಟೇ ಇತ್ತು ನೋಡಿ ವಿಷಯ. ಎರಡು ನಿಮಿಷದಲ್ಲಿ ಹೇಳಿ ಮುಗಿಸಿದರು. ಅದನ್ನು ಗುರುವಾರ ನಾನೇ ಕಾಣಬಹುದಿತ್ತು, ಕಣ್ಣೆದುರಿಗೇ ಇತ್ತು. ಗಡಿಯಾರ ನೋಡಿದವಳು ವಿಳಾಸ ನೋಡಲಿಲ್ಲ.

ಇಷ್ಟೂ ಜನರ ವಿಳಾಸ ಆ ಕಳ್ಳರಿಗೆ ಹೇಗೆ ಸಿಕ್ಕಿತು ಎಂದು ಕೇಳಿದೆ. ಅವರು ಆ ಪೆಟ್ಟಿಗೆಯಲ್ಲೇ ಕೆಳಗೆ ಹೋಗಿ ನವರಾತ್ರಿಯ ಮೊದಲ ದಿನದ ಒಂದು ಪತ್ರ ತೋರಿಸಿದರು. ನಾನು ಗಿರಾಕಿಗಳಿಗೆಲ್ಲ ಕಳಿಸಿದ್ದ ದಸರಾ ಶುಭಾಶಯ. ಆನೆಯ ಚಿತ್ರದ ಮೇಲೆ ಎಲ್ಲರ ವಿಳಾಸಗಳೂ ಸಾಲಾಗಿ, ಯಾರು ಬೇಕಾದರೂ ಓದುವಂತೆ ಇದ್ದವು. "ಇದನ್ನ ಯಾರೋ ಇನ್ಯಾರಿಗೋ ಕಳ್ಸಿರ್ತಾರೆ, ಅಲ್ಲಿಂದ ಹೋಗಿರ್ಬಹುದು. ಗ್ಯಾರಂಟಿ ಹೇಳಕ್ಕಾಗಲ್ಲ" ಅಂದರು. ಅವರೇ ಗ್ಯಾರಂಟಿ ಇಲ್ಲ ಅಂದದ್ದನ್ನು ನಾನು ಆಗಲೇ ನಂಬಿಬಿಟ್ಟಿದ್ದೆ.

ಭಾನುವಾರ ಹಿನಕಲ್‌ನ ಆಕೆಗೆ ವಾರದ ರಜೆ. ಪ್ರತಿ ಭಾನುವಾರದಂತೆ ಹನ್ನೊಂದು ಗಂಟೆಗೆ ಮಗಳನ್ನು ಎತ್ತಿಕೊಂಡೇ ಮೆಟ್ಟಿಲು ಹತ್ತಿದರು.

"ಬಂತೇನಕ್ಕ ತಾರೀಕು?"

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಮಗು ನನ್ನ ಮೇಜಿನ ಅಂಚು ಹಿಡಿದು ನನ್ನನ್ನೇ ನೋಡುತ್ತಿತ್ತು. ನಿಜ ಹೇಳಬೇಕೆಂದು ಬಾಯಿ ತೆರೆದವಳು, "ಸರ್ವರ್ ಕೆಟ್ಟಿದೆ ಕಣಮ್ಮ, ಎರಡು ದಿನದಲ್ಲಿ ಸರಿಹೋಗುತ್ತೆ" ಅಂದೆ. ಸರ್ವರ್ ಎಂದರೇನೆಂದು ಆಕೆ ಕೇಳಲಿಲ್ಲ. "ಆಗ್ಲಿ ಬುಡಕ್ಕ, ನೀವಿದ್ದೀರಲ್ಲ" ಎಂದು ಹೊರಟರು. ನಾಚಿಕೆಯಿಂದ ನನಗೆ ಅಂಗಡಿಯಲ್ಲಿ ಕೂರಲು ಆಗಲಿಲ್ಲ, ಆದರೂ ಕೂತೆ. ಎರಡು ದಿನದಲ್ಲಿ ಪೆಟ್ಟಿಗೆ ವಾಪಸು ಪಡೆದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬ ಆಸೆಯಿತ್ತು.

ಸೋಮವಾರದಿಂದ ಆ ಕೆಲಸಕ್ಕೆ ಕೂತೆ. ಪಾಸ್‌ವರ್ಡ್ ಮರೆತವರಿಗಾಗಿ ಕಂಪನಿಯ ಪುಟದಲ್ಲಿ ಒಂದು ದಾರಿಯಿತ್ತು. ನೀವು ಮೊದಲೇ ಕೊಟ್ಟಿರುವ ಇನ್ನೊಂದು ವಿಳಾಸಕ್ಕೆ ಹೊಸ ಪಾಸ್‌ವರ್ಡ್ ಕಳಿಸುತ್ತೇವೆ ಎನ್ನುತ್ತಿತ್ತು. ಎಲ್ಲರ ಹೆಸರಿನಲ್ಲೂ ಆ ಇನ್ನೊಂದು ವಿಳಾಸವಾಗಿ ನಾನು ಕೊಟ್ಟಿದ್ದದ್ದು ನನ್ನದನ್ನೇ. ನನ್ನದು ಎಲ್ಲಕ್ಕಿಂತ ಮೊದಲೇ ಹೋಗಿತ್ತು. ಎರಡನೆಯ ದಾರಿ ಗುಟ್ಟಿನ ಪ್ರಶ್ನೆ. ಅದನ್ನು ಕಳ್ಳರು ಬದಲಾಯಿಸಿದ್ದರು. ಮೂರನೆಯದು ಒಂದು ಅರ್ಜಿ: ವಿಳಾಸ ತೆರೆದಾಗ ಕೊಟ್ಟಿದ್ದ ಹುಟ್ಟಿದ ತಾರೀಖು, ಪಿನ್ ಕೋಡ್ ಹೇಳಿ, ನೀವೇ ಎಂದು ಖಚಿತವಾದರೆ ನೋಡುತ್ತೇವೆ.

ಹುಟ್ಟಿದ ತಾರೀಖು! ನನ್ನ ಹತ್ತಿರ ಬರುತ್ತಿದ್ದವರಲ್ಲಿ ಅರ್ಧ ಜನಕ್ಕೆ ಅದು ಗೊತ್ತಿರಲಿಲ್ಲ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರುಗಳು ಬರೆದುಕೊಳ್ಳುತ್ತಿದ್ದ ಹಾಗೆ ನಾನೂ ಜೂನ್ ಒಂದು ಎಂದು ಹಾಕಿಬಿಡುತ್ತಿದ್ದೆ. ಆದರೆ ಹಿನಕಲ್‌ನ ಆಕೆ ವಿಳಾಸ ತೆರೆದ ದಿನ, "ಗೌರಿ ಅಬ್ಬ ಆಗಿ ಎಂಟ್ ದಿನಕ್ಕೆ ಉಟ್ಟಿದ್ದು ಅಂತ ನಮ್ಮವ್ವ ಏಳೋದು" ಅಂದಿದ್ದು ನೆನಪಿತ್ತು. ಅದನ್ನು ಕೇಳಿ ನಾನು ಸೆಪ್ಟೆಂಬರಿನ ಯಾವುದೋ ತಾರೀಖು ಹಾಕಿದ್ದೆನೋ, ಅಥವಾ ರೂಢಿಯಂತೆ ಜೂನ್ ಒಂದೇ ಹಾಕಿದ್ದೆನೋ? ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದಿದ್ದೆ, ಅದೊಂದನ್ನು ಬಿಟ್ಟು. ಜೂನ್ ಒಂದು ಹಾಕಿದೆ, ಆಗಲಿಲ್ಲ. ಬೇರೆ ಬೇರೆ ವರ್ಷ ಹಾಕಿದೆ, ಸೆಪ್ಟೆಂಬರ್ ಹಾಕಿದೆ. ಐದನೆಯ ಸಲಕ್ಕೆ ಆ ಪುಟ ಒಂದು ದಿನದ ಮಟ್ಟಿಗೆ ಬಾಗಿಲು ಹಾಕಿಕೊಂಡಿತು. ಕಂಪನಿಗೆ ಫೋನ್ ನಂಬರ್ ಎಂಬುದೇ ಇರಲಿಲ್ಲ. ದೂರು ಬರೆದರೆ ಮರುಕ್ಷಣ ಉತ್ತರ ಬರುತ್ತಿತ್ತು, ಯಾವ ಮನುಷ್ಯನೂ ಬರೆಯದ ಉತ್ತರ.

ನಡುವೆ ಪೊಲೀಸ್ ಠಾಣೆಗೂ ಹೋದೆ. ದೂರು ಬರೆದುಕೊಳ್ಳುವವರು ಒಳ್ಳೆಯವರೇ, ಕುರ್ಚಿ ಕೊಟ್ಟು, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟರು.

"ನಾನು ಏನಂತ ಬರ್ಕೊಳ್ಳಲಮ್ಮ? ಬೀಗ ಒಡೆದಿಲ್ಲ, ಬಾಗ್ಲು ಮುರಿದಿಲ್ಲ. ಯಾರು ಅಂತ ಗೊತ್ತಿಲ್ಲ, ಯಾವ ದೇಶದವ್ರೋ ಅದೂ ಗೊತ್ತಿಲ್ಲ. ಕೊಟ್ಟಿರೋದು ನೀವೇ. ಒಂದು ಅರ್ಜಿ ಬರೆದು ಇಟ್ಟುಹೋಗಿ, ನಮ್ಮ ಸಾಹೇಬ್ರಿಗೆ ತೋರಿಸ್ತೀನಿ."

ಬರೆದು ಕೊಟ್ಟೆ. ನನ್ನ ಗುಂಡನೆಯ ಅಕ್ಷರಗಳಲ್ಲಿ ನನ್ನ ದಡ್ಡತನವನ್ನು ನಾನೇ ಬರೆದು ಸಹಿ ಹಾಕಿ ಬಂದೆ.

ಆಸ್ಪತ್ರೆಗೆ ಒಂದು ಹೊಸ ವಿಳಾಸದಿಂದ ಮೇಲ್ ಕಳಿಸಿದೆ. ನೋಂದಣಿ ಸಂಖ್ಯೆ ನಮೂದಿಸಿ, ನೋಂದಾಯಿಸಿದ ವಿಳಾಸದಿಂದಲೇ ಬರೆಯಿರಿ ಎಂಬ ಸಿದ್ಧ ಉತ್ತರ ಬಂತು. ಫೋನ್ ಮಾಡಿದರೆ ಎಂಗೇಜ್. ಮಂಗಳವಾರ ನಲವತ್ತು ಸಲ ಒತ್ತಿದ ಮೇಲೆ ಸಿಕ್ಕ ದನಿಗೆ ನನ್ನ ಹರಕು ಹಿಂದಿಯಲ್ಲಿ ವಿವರಿಸಿದೆ. ಆ ದನಿ ನೋಂದಣಿ ಸಂಖ್ಯೆ ಕೇಳಿತು. ಸಂಖ್ಯೆ ಇದ್ದದ್ದು ಆ ಪೆಟ್ಟಿಗೆಯಲ್ಲಿ. ನೆನಪಿಲ್ಲ, ಮಗುವಿನ ಹೆಸರು ಹೇಳುತ್ತೇನೆ ಅಂದೆ. ಆ ಹೆಸರಿನ ಮಕ್ಕಳು ಬೇಕಾದಷ್ಟಿದ್ದಾರೆ, ಫೋನಿನಲ್ಲಿ ಯಾರಿಗೂ ತಾರೀಖು ಹೇಳುವುದಿಲ್ಲ, ಮೇಲ್ ಮಾಡಿ ಎಂದು ಇಟ್ಟುಬಿಟ್ಟಿತು. ಆಕೆ ಕೇಳಿದ ಆ ಒಂದು ಕಾಗದ ಕೊಟ್ಟಿದ್ದರೆ ಸಂಖ್ಯೆ ದೇವರ ಪಟದ ಹಿಂದೆ ಭದ್ರವಾಗಿರುತ್ತಿತ್ತು. ಫೋನ್ ಹಿಡಿದುಕೊಂಡೇ ಅತ್ತೆ. ಗಿರಾಕಿಗಳು ಅಡ್ಡಗೋಡೆಯ ಮೇಲಿಂದ ಇಣುಕಿ ನೋಡಿ ಮತ್ತೆ ತಲೆ ತಗ್ಗಿಸಿಕೊಂಡರು.

ಬುಧವಾರ ಮತ್ತೆ ಐದು ತಾರೀಖು ಹಾಕಿ ನೋಡಿದೆ. ಗುರುವಾರ ಬೆಳಿಗ್ಗೆ ಇನ್ನೈದು. ಮಧ್ಯಾಹ್ನ ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು. ಅವರಿಗೆ ನಾನು ಶನಿವಾರವೇ ಎಲ್ಲ ಹೇಳಿದ್ದೆ. ಮಠದವರಿಗೆ ಖುದ್ದಾಗಿ ಹೋಗಿ ವಿವರಿಸಿ ಬಂದಿದ್ದರು, ಈಗ ಅವರ ಕೋಪ ಇಳಿದಿತ್ತು.

"ಆ ಹೆಣ್ಣುಮಗಳಿಗೆ ಹೇಳಿದ್ಯೇನಮ್ಮ?"

"ಇಲ್ಲ ಸರ್. ಸಿಕ್ಕಿಬಿಟ್ರೆ ಹೇಳೋದೇ ಬೇಡ ಅಂತ..."

"ಯಾರಿಗೆ ಬೇಡ? ನಿಂಗೆ ಬೇಡ. ಅವ್ಳಿಗೆ ಬೇಕು ಕಣಮ್ಮ."

ಅಷ್ಟು ಹೇಳಿ ಎದ್ದುಹೋದರು. ನಾನು ಕಂಪ್ಯೂಟರ್ ಆರಿಸಿ, ಷಟರ್ ಎಳೆದು, ಗಾಡಿ ಹತ್ತಿ ಹಿನಕಲ್‌ಗೆ ಹೊರಟೆ. ದಾರಿಯುದ್ದಕ್ಕೂ ಯಾವ ಮಾತಿನಿಂದ ಶುರು ಮಾಡುವುದೆಂದು ಹುಡುಕುತ್ತಿದ್ದೆ.

ಆಕೆ ಆಗಷ್ಟೇ ಮೊದಲ ಪಾಳಿ ಮುಗಿಸಿ ಬಂದಿದ್ದರು. ಒಂದೇ ಕೋಣೆಯ ಮನೆ. ಮಗು ಚಾಪೆಯ ಮೇಲೆ ಕೂತು ಸ್ಲೇಟಿನಲ್ಲಿ ಬರೆಯುತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ, ಸರ್ವರ್ ಎಂದು ಸುಳ್ಳು ಹೇಳಿದ್ದನ್ನೂ ಸೇರಿಸಿ. ಆಕೆಗೆ ಪೂರ್ತಿ ಅರ್ಥವಾಗಲಿಲ್ಲ. ನನ್ನ ಮುಖ ನೋಡಿ ಅರ್ಥ ಮಾಡಿಕೊಂಡರು.

"ಅಂಗಾರೆ ತಾರೀಕು ಬಂದಿದ್ರೂ ನಮ್ಗೆ ಗೊತ್ತಾಗಾಕಿಲ್ವಾ?"

"ಇಲ್ಲ."

"ಎಷ್ಟ್ ದಿನ ಆಯ್ತಕ್ಕ ಇಂಗಾಗಿ?"

"ಒಂದು ವಾರ."

ಆಕೆ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮಗಳ ತಲೆ ಸವರುತ್ತ, "ಭಾನ್ವಾರನೇ ಏಳಿದ್ರೆ ಸೋಮ್ವಾರನೇ ರೈಲು ಅತ್ಬುಡ್ತಿದ್ದೆ ಕಣಕ್ಕ" ಅಂದರು. ಕಂಪ್ಯೂಟರ್ ಮುಟ್ಟಿ ನೋಡದ ಆ ಹೆಂಗಸಿಗೆ ಮೊದಲ ಕ್ಷಣಕ್ಕೆ ಹೊಳೆದ ದಾರಿ ನನಗೆ ನಾಲ್ಕು ದಿನ ಹೊಳೆದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ರೈಲು ಹತ್ತಿದೆವು, ಮಗುವನ್ನು ಅದರ ತಂದೆಯ ಹತ್ತಿರ ಬಿಟ್ಟು. ಡಾಕ್ಟರರ ಚೀಟಿಯ ಮೂಲಪ್ರತಿ, ಎಕ್ಸ್‌ರೇ ಲಕೋಟೆ ಎಲ್ಲವನ್ನೂ ಆಕೆ ಮಡಿಲಲ್ಲೇ ಇಟ್ಟುಕೊಂಡಿದ್ದರು. ಶನಿವಾರ ಆಸ್ಪತ್ರೆಯ ಕೌಂಟರಿನ ಮುಂದೆ ನಿಂತೆವು. ಒಳಗಿದ್ದ ಹೆಂಗಸು ಚೀಟಿ ನೋಡಿ, ತಂದೆಯ ಹೆಸರು ಕೇಳಿ, ತಾಳ್ಮೆಯಿಂದ ಹುಡುಕಿ, ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಹೋದ ಶುಕ್ರವಾರ ಮಗುವಿಗೆ ನವೆಂಬರಿನ ಒಂದು ತಾರೀಖು ಕೊಟ್ಟು ಮೇಲ್ ಕಳಿಸಿದ್ದರು. ಏಳು ದಿನ ನಿನ್ನೆ ಸಂಜೆಗೆ ಮುಗಿದಿತ್ತು. ಇವತ್ತು ಬೆಳಿಗ್ಗೆ ಆ ಜಾಗದಲ್ಲಿ ಬೇರೊಂದು ಮಗುವಿನ ಹೆಸರು ಸೇರಿತ್ತು.

ನಾನು ಆ ಹೆಂಗಸಿಗೆ ಕೈ ಮುಗಿದೆ. ತಪ್ಪು ನನ್ನದು, ಮಗುವಿನದಲ್ಲ ಎಂದೆ. ಅವರು ಪಕ್ಕದಲ್ಲಿದ್ದ ಬೆಂಚುಗಳ ಕಡೆ ಕೈ ತೋರಿಸಿದರು. ಅಲ್ಲಿ ಒಂದೊಂದು ಬೆಂಚಿನ ಮೇಲೂ ನೀಲಿ ತುಟಿಯ ಮಕ್ಕಳು. ಯಾರನ್ನು ತೆಗೆದು ನಮ್ಮ ಮಗುವನ್ನು ಹಾಕಿ ಎಂದು ಕೇಳುವುದು? ಹೊಸ ತಾರೀಖು ಫೆಬ್ರವರಿಯ ಕೊನೆಗೆ ಸಿಕ್ಕಿತು. ನಾಲ್ಕು ತಿಂಗಳು. ಅದನ್ನು ಅವರು ಕಾಗದದ ಮೇಲೆ ಬರೆದುಕೊಟ್ಟರು, ಆಕೆ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ವಾಪಸು ಬಂದ ಮೇಲೆ ಕತ್ತರಿ ತೆಗೆದುಕೊಂಡು ನೋಟ್‌ಬುಕ್ಕಿನ ಹಾಳೆಗಳನ್ನು ಸಾಲು ಸಾಲಾಗಿ ಕತ್ತರಿಸಿದೆ. ಉಳಿದ ಹನ್ನೆರಡು ಜನರನ್ನು ಕರೆಸಿ ಅವರ ಕೈಯಿಂದಲೇ ಪಾಸ್‌ವರ್ಡ್ ಬದಲು ಮಾಡಿಸಿದೆ. ಕಳೆದುಕೊಂಡವರ ಮನೆಮನೆಗೆ ಹೋಗಿ ಒಪ್ಪಿಕೊಂಡೆ. ಕೆಲವರು ಬೈದರು, ಕೆಲವರು ಎದುರಿನ ಬಸ್‌ಸ್ಟಾಪಿನ ಹತ್ತಿರದ ಸೆಂಟರಿಗೆ ಹೋಗತೊಡಗಿದರು. ಬಂದವರಿಗೆಲ್ಲ ಅದೇ ಪಾಠ ಹೇಳಿದೆ: ವಿಳಾಸವನ್ನು ಕೊನೆಯಿಂದ ಓದಿ, ಗಂಟೆ ಎಣಿಸಿ ಹೆದರಿಸುವ ಪತ್ರ ಬಂದರೆ ಒಂದು ಕಾಫಿ ಕುಡಿದು ಬಂದು ಮತ್ತೆ ನೋಡಿ, ಲಿಂಕ್ ಒತ್ತಬೇಡಿ, ಕಂಪನಿಯ ವಿಳಾಸ ನೀವೇ ಹೊಡೆದು ಒಳಗೆ ಹೋಗಿ, ಪಾಸ್‌ವರ್ಡನ್ನು ನನಗೂ ಹೇಳಬೇಡಿ. ಕೊನೆಯ ಮಾತಿಗೆ ಜನ ಬೇಜಾರು ಮಾಡಿಕೊಳ್ಳುತ್ತಿದ್ದರು. ಪಕ್ಕದ ಮನೆಯವಳು ಬೀಗದ ಕೈ ಬೇಡ ಎಂದರೆ ಹೇಗೋ ಹಾಗೆ.

ಸಂಕ್ರಾಂತಿಯ ವಾರದಲ್ಲಿ ಮಗು ಮನೆಯಲ್ಲಿ ನೀಲಿಗಟ್ಟಿ ಎಚ್ಚರ ತಪ್ಪಿ ಬಿತ್ತು. ಇಲ್ಲಿನ ಆಸ್ಪತ್ರೆಯಲ್ಲಿ ಎರಡು ದಿನದ ಮೇಲೆ ಕಣ್ಣು ಬಿಟ್ಟಾಗ ಎಡಗೈ ಮೇಲೇಳಲಿಲ್ಲ. ಮಂದವಾದ ರಕ್ತ ಮಿದುಳಿನಲ್ಲಿ ಹೆಪ್ಪುಗಟ್ಟಿತ್ತು ಎಂದರು. ಫೆಬ್ರವರಿಯ ತಾರೀಖನ್ನು ಸ್ವಲ್ಪ ಮುಂದೂಡಿ, ಯುಗಾದಿಗೆ ಎರಡು ವಾರವಿದೆ ಅನ್ನುವಾಗ ಹೃದಯದ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ಮಗುವಿನ ತುಟಿ ಕೆಂಪಾದದ್ದನ್ನು ನಾನು ನೋಡಿದೆ. ಎಡಗೈ ಮಾತ್ರ ಹಾಗೇ ಉಳಿಯಿತು. ನವೆಂಬರಿನಲ್ಲೇ ಆಗಿದ್ದರೆ ಕೈ ಉಳಿಯುತ್ತಿತ್ತೇ ಎಂದು ಇಲ್ಲಿನ ಡಾಕ್ಟರನ್ನು ಒಬ್ಬಳೇ ಹೋಗಿ ಕೇಳಿದೆ. "ಉಳೀತಿತ್ತು ಅಂತ ಹೇಳೋಕಾಗಲ್ಲ. ಉಳೀತಿರ್ಲಿಲ್ಲ ಅಂತಾನೂ ಹೇಳೋಕಾಗಲ್ಲ" ಅಂದರು. ಆ ಉತ್ತರವನ್ನು ಇವತ್ತಿಗೂ ಎರಡೂ ಕಡೆಯಿಂದ ಓದುತ್ತಿರುತ್ತೇನೆ.

ಮೂರು ವರ್ಷದ ಮೇಲೆ ಒಂದು ಭಾನುವಾರ ಆಕೆ ಮಗಳೊಂದಿಗೆ ಅಂಗಡಿಗೆ ಬಂದರು. ಮಗು ಮೂರು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿತು. ಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಶುರುವಾಗಿತ್ತಂತೆ, ಅವಳದೇ ಒಂದು ಇಮೇಲ್ ಬೇಕಿತ್ತು. ಕುರ್ಚಿಯ ಮೇಲೆ ದಿಂಬು ಹಾಕಿ ಕೂರಿಸಿದೆ. ಹೆಸರನ್ನು ಅವಳೇ ಹೊಡೆದಳು, ಬಲಗೈಯ ಒಂದು ಬೆರಳಿನಿಂದ. ಎಡಗೈ ತೊಡೆಯ ಮೇಲಿತ್ತು. ಪಾಸ್‌ವರ್ಡಿನ ಜಾಗ ಬಂತು.

"ನೀವೇ ಒಡ್ದು ಇಟ್ಕೊಬುಡಿ ಅಕ್ಕ. ನಿಮ್ಗಿಂತ ನಮ್ಗೆ ಯಾರವ್ರೆ?" ಅಂದರು ತಾಯಿ. ಅದನ್ನು ಮನಸಾರೆ ಹೇಳಿದ್ದರು, ಕುಹಕವಿಲ್ಲದೆ.

"ಸುಮ್ನಿರವ್ವ" ಅಂದಳು ಮಗಳು. "ಆಂಟಿ, ಆ ಕಡೆ ತಿರುಕ್ಕೊಳಿ."

ನಾನು ಗೋಡೆಯ ಕಡೆ ತಿರುಗಿ ನಿಂತೆ. ಕೀಲಿಗಳ ಸದ್ದು ಎರಡು ಸಲ ಬಂದು ನಿಂತಿತು.

"ಆಂಟಿ, ದೊಡ್ಡಕ್ಷರ ಒಡೀಬೇಕು ಅಂದ್ರೆ ಎರಡೂ ಕೈ ಬೇಕಾ? ಸ್ಕೂಲಲ್ಲಿ ಮಿಸ್ಸು ಎರಡು ಕೀ ಒಟ್ಗೆ ಒತ್ತಿ ಅಂತಾರೆ."

"ಬೇಡ ಕಂದ" ಅಂದೆ, ತಿರುಗದೆ. "ಎಡಗಡೆ ತುದೀಲಿ ಕ್ಯಾಪ್ಸ್ ಲಾಕ್ ಅಂತ ಇದೆ ನೋಡು. ಒಂದ್ಸಲ ಒತ್ತಿ ಬಿಡು, ಆಮೇಲೆ ಅಕ್ಷರ ಹೊಡಿ. ಒಂದೇ ಕೈ ಸಾಕು."

ಸ್ವಲ್ಪ ಹೊತ್ತು ಸದ್ದಿಲ್ಲ. ಹುಡುಕುತ್ತಿದ್ದಳು ಅಂತ ಕಾಣುತ್ತದೆ. ಆಮೇಲೆ ಮತ್ತೆ ಟಕ್, ಟಕ್ ಎಂದು ಒಂದೊಂದೇ ಶುರುವಾಯಿತು. ಅವಳು "ಆಯ್ತು" ಅನ್ನುವ ತನಕ ನಾನು ಗೋಡೆಯನ್ನೇ ನೋಡುತ್ತ ನಿಂತಿದ್ದೆ.